ವಿದ್ಯುತ್ ಕಾರಿನ ಕಸುವು: ಹಳೆಯ ದಾಖಲೆಯೊಂದರ ಪಾಠ

ಪೆಟ್ರೋಲ್ ಟ್ಯಾಂಕ್ ತುಂಬಿರಲಿ, ಕಾಲುಭಾಗವಿರಲಿ, ಎಂಜಿನ್ನಿನ ಸಾಮರ್ಥ್ಯ ಬದಲಾಗದು. ವಿದ್ಯುತ್ ಕಾರಿನಲ್ಲಿ ಹಾಗಲ್ಲ. ಬ್ಯಾಟರಿಯ ಆವೇಶ ಇಳಿದಂತೆ ವೇಗೋತ್ಕರ್ಷವೂ ಕುಗ್ಗಬಹುದು. ಏಕೆ? ಉತ್ತರಕ್ಕಾಗಿ 19ನೆಯ ಶತಮಾನಕ್ಕೆ ಹೋಗೋಣ.

ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ 1859ರಲ್ಲಿ ಮತ್ತೆ ಮತ್ತೆ ಆವೇಶಗೊಳಿಸಬಹುದಾದ ಸೀಸ-ಆಮ್ಲ ಕೋಶವನ್ನು ರೂಪಿಸಿದ. ಮೊದಲ ವಿದ್ಯುತ್ ಕಾರುಗಳಿಗೆ ಇದೇ ಆಧಾರ. 1899ರ ಏಪ್ರಿಲ್ 29ರಂದು ಪ್ಯಾರಿಸ್ ಬಳಿಯ ಆಶೇರ್‌ನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಜಿ ಇಂಥ ಕೋಶಗಳಿದ್ದ 'ಲಾ ಜಮೇ ಕೊಂತಾಂತ್' ಕಾರನ್ನು ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಓಡಿಸಿದ. ರಸ್ತೆವಾಹನವೊಂದು 100 ಕಿ.ಮೀ. ದಾಟಿದ್ದು ಅದೇ ಮೊದಲು.

ಒಂದು ಲೆಕ್ಕ ಮಾಡಿ ನೋಡಿ. ಆ ವೇಗದಲ್ಲಿ ಒಂದು ಕಿಲೋಮೀಟರಿಗೆ 34 ಸೆಕೆಂಡು ಸಾಕು. ಎರಡು ಮೋಟಾರುಗಳ ಒಟ್ಟು ಸಾಮರ್ಥ್ಯ ಸುಮಾರು 50 ಕಿಲೋವಾಟ್. ಗುಣಿಸಿದರೆ ಶಕ್ತಿಯ ವೆಚ್ಚ ಅರ್ಧ ಯೂನಿಟ್ಟಿಗಿಂತಲೂ ಕಡಿಮೆ! ಆದರೂ ಭಾರವಾದ ಬ್ಯಾಟರಿ ಬೇಕಾಯಿತು. ಏಕೆಂದರೆ ಮುಖ್ಯವಾದದ್ದು ಶಕ್ತಿಯ ಮೊತ್ತವಲ್ಲ, ಅದನ್ನು ಒದಗಿಸುವ ದರ.

ಈ ದರಕ್ಕೆ ಮಿತಿ ಹಾಕುವುದು ಕೋಶದ ಆಂತರಿಕ ರೋಧ. ಸೀಸ-ಆಮ್ಲ ಕೋಶ ಬರಿದಾಗುತ್ತಿದ್ದಂತೆ ಗಂಧಕಾಮ್ಲ ತೆಳುವಾಗುತ್ತದೆ. ಫಲಕಗಳ ಮೇಲೆ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡದ ಸೀಸದ ಸಲ್ಫೇಟ್ ಕೂರುತ್ತದೆ. ವಿದ್ಯುಚ್ಚಾಲಕ ಬಲ ಇಳಿಯುತ್ತದೆ, ರೋಧ ಏರುತ್ತದೆ. ಕೋಶದ ಗರಿಷ್ಠ ಸಾಮರ್ಥ್ಯ ಮೊದಲನೆಯದರ ವರ್ಗಕ್ಕೆ ನೇರ ಅನುಪಾತದಲ್ಲಿ, ಎರಡನೆಯದಕ್ಕೆ ವಿಲೋಮ ಅನುಪಾತದಲ್ಲಿದೆ. ಬಲ 2.1 ವೋಲ್ಟಿನಿಂದ 1.95ಕ್ಕೆ ಇಳಿದು, ರೋಧ ಇಮ್ಮಡಿಯಾಯಿತೆನ್ನಿ. ಉಳಿಯುವುದು ಮೊದಲಿನ ಶೇ. 43 ಮಾತ್ರ. ಕಾರಿನ ತೂಕವೋ ಕಿಂಚಿತ್ತೂ ಇಳಿದಿರುವುದಿಲ್ಲ!

2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿನಲ್ಲೂ ಸೀಸ-ಆಮ್ಲ ಬ್ಯಾಟರಿಗಳೇ ಇದ್ದವು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಕೋಶಗಳು ಇಂದಿನ ಕಾರುಗಳಲ್ಲಿವೆ. ಇವುಗಳ ರೋಧ ಕಡಿಮೆ; ಆದರೆ ನಿಯಮ ಅದೇ. ಆವೇಶ ತೀರಾ ತಗ್ಗಿದಾಗ ಕೋಶಗಳ ರಕ್ಷಣೆಗಾಗಿ ನಿಯಂತ್ರಕವೂ ಪ್ರವಾಹವನ್ನು ಕಡಿತಗೊಳಿಸುತ್ತದೆ.

ಹೊರಡುವಾಗ ನಿಮಗಿದು ತಿಳಿಯದೇ ಹೋಗಬಹುದು. ಕಡಿಮೆ ವೇಗದಲ್ಲಿ ಬೇಕಾಗುವ ಸಾಮರ್ಥ್ಯ ಅಲ್ಪ. ಅದೇ ಬಲದಿಂದ ತಳ್ಳಿದರೂ ವೇಗ ಇಮ್ಮಡಿಯಾದರೆ ಬೇಕಾಗುವ ಸಾಮರ್ಥ್ಯವೂ ಇಮ್ಮಡಿ. ಆದ್ದರಿಂದ ಕೊರತೆ ಕಾಣುವುದು ಹೆದ್ದಾರಿಯಲ್ಲಿ, ಲಾರಿಯನ್ನು ಹಿಂದಿಕ್ಕುವ ಹೊತ್ತಿನಲ್ಲಿ. ಬ್ಯಾಟರಿಯ ಮಾಪಕ ಉಳಿದ ದೂರವನ್ನಷ್ಟೇ ಅಲ್ಲ, ಉಳಿದ ಕಸುವನ್ನೂ ಸೂಚಿಸುತ್ತದೆ. ಹಿಂದಿಕ್ಕುವ ಮುನ್ನ ಅದರತ್ತ ಒಮ್ಮೆ ನೋಡಿ.