ಸಮುರಾಯ್: ಊಳಿಗದಿಂದ ಆದರ್ಶದವರೆಗೆ

ಸಮುರಾಯ್ ಎಂದ ಕೂಡಲೇ ಕಣ್ಣ ಮುಂದೆ ಬರುವವನು ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡು, ಒಡೆಯನಿಗಾಗಿ ಮರುಮಾತಿಲ್ಲದೆ ಪ್ರಾಣ ಕೊಡುವ ವೀರ. ಆದರೆ ಪದ ಹುಟ್ಟಿದ್ದು ದೊಡ್ಡವರ ಮನೆಯ ಪಡಸಾಲೆಯಲ್ಲಿ. ಹಳೆಯ ಜಪಾನಿಯಲ್ಲಿ 'ಸಬುರಾವು' ಎಂದರೆ ದೊಡ್ಡವರ ಸನಿಹ ಅಪ್ಪಣೆಗೆ ಕಾದು ನಿಲ್ಲುವುದು. ಅದರಿಂದ ಬಂದ 'ಸಬುರಾಯ್' ಕ್ಯೋತೋದ ಸಿರಿವಂತರ ಊಳಿಗದವನು. ಕಾದಾಡುವವನಿಗೆ 'ಬುಶಿ', 'ತ್ಸುವಮೊನೊ' ಎಂಬ ಹೆಸರುಗಳೇ ಬೇರೆ ಇದ್ದವು. ಅವರು ತಮ್ಮ ಬಾಳ್ವೆಯನ್ನು ಬಿಲ್ಲು ಮತ್ತು ಕುದುರೆಯ ದಾರಿ ಎನ್ನುತ್ತಿದ್ದರು. ಓಡುವ ಕುದುರೆಯ ಮೇಲಿಂದ ಗುರಿ ತಪ್ಪದೆ ಬಾಣ ಬಿಡುವವನೇ ಅವರಲ್ಲಿ ಗಟ್ಟಿಗ. ಕತ್ತಿಯ ಮಾತು ಆಮೇಲಿನದು.

1192ರಲ್ಲಿ ಮಿನಾಮೊತೊ ಯೊರಿತೊಮೊ ಶೋಗುನ್, ಅಂದರೆ ಯೋಧರ ಸರ್ಕಾರದ ಮುಖ್ಯಸ್ಥ, ಆದ. ಕಾಮಾಕುರಾ ಊರಿನಿಂದ ನಡೆದ ಅವನ ಆಡಳಿತದಲ್ಲಿ ಎರಡು ಮಾತುಗಳು ಜೋಡಿಯಾಗಿ ನಡೆದವು: ಒಡೆಯ ತೋರುವ ದಯೆ 'ಗೋ-ಒನ್', ಆಳು ಸಲ್ಲಿಸುವ ಸೇವೆ 'ಹೋಕೋ'. ದಯೆ ಎಂದರೆ ಮುಖ್ಯವಾಗಿ ಜಮೀನಿನ ಹಕ್ಕು. ಒಂದು ನಿಂತರೆ ಇನ್ನೊಂದೂ ಅಲುಗಾಡುತ್ತಿತ್ತು.

ಇದನ್ನು ತಿಳಿಯಲು ತಾಕೆಜಾಕಿ ಸುಯೆನಾಗಾನನ್ನು ನೋಡಬೇಕು. ಕ್ಯುಶು ದ್ವೀಪದ ಹಿಗೊ ಪ್ರಾಂತ್ಯದ ಸಣ್ಣ ಯೋಧ. 1274ರಲ್ಲಿ ಮಂಗೋಲರ ಹಡಗುಗಳು ಹಕಾತಾ ತೀರಕ್ಕೆ ಬಂದಾಗ ಬೆರಳೆಣಿಕೆಯ ಸವಾರರೊಂದಿಗೆ ಮುನ್ನುಗ್ಗಿದ, ಗಾಯಗೊಂಡ. ಬಹುಮಾನದ ಸುದ್ದಿಯೇ ಬರಲಿಲ್ಲ. ಮರುವರ್ಷ ಕುದುರೆ, ಜೀನು ಮಾರಿ ದಾರಿಖರ್ಚು ಹೊಂದಿಸಿಕೊಂಡು, ನೆಂಟರ ವಿರೋಧವನ್ನೂ ಲೆಕ್ಕಿಸದೆ ಅಷ್ಟು ದೂರದ ಕಾಮಾಕುರಾಕ್ಕೆ ಹೊರಟ. ಅಲ್ಲಿ ಬಡವನೆಂದು ಯಾರೂ ಕಿವಿಗೊಡಲಿಲ್ಲ. ಕಡೆಗೆ ಅಧಿಕಾರಿ ಅದಾಚಿ ಯಾಸುಮೊರಿಯ ಎದುರು ಪಟ್ಟುಹಿಡಿದು ಕೂತ: ಮೊದಲು ನುಗ್ಗಿದವನು ನಾನು, ಸುಳ್ಳಾದರೆ ನನ್ನ ತಲೆ ತೆಗೆಯಿರಿ. ಅವನಿಗೆ ಜಮೀನಿನ ಅಧಿಕಾರವೂ ಒಂದು ಕುದುರೆಯೂ ಸಿಕ್ಕವು. ಈ ಕಥೆಯನ್ನೆಲ್ಲ ಅವನೇ ಚಿತ್ರಸುರುಳಿಯಾಗಿ ಬರೆಸಿದ. ತಲೆಯ ಮೇಲೆ ಸಿಡಿಯುವ ಮದ್ದಿನ ಗುಂಡು, ರಕ್ತ ಸುರಿಸುತ್ತ ಜಿಗಿಯುವ ಅವನ ಕುದುರೆ ಆ ಸುರುಳಿಯಲ್ಲಿ ಇಂದಿಗೂ ಇವೆ. ಕೂಲಿ ಕೇಳುವುದು ಶೌರ್ಯಕ್ಕೆ ಕುಂದು ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಿಲ್ಲ. ಅನ್ನಿಸಬೇಕಾಗಿಯೂ ಇರಲಿಲ್ಲ. ಪಡೆದ ಕೂಲಿಯೇ ಅವನ ಶೌರ್ಯಕ್ಕೆ ಸಾಕ್ಷಿ.

1467ರಲ್ಲಿ ಓನಿನ್ ಯುದ್ಧವೆಂಬ ಅಂತರ್ಯುದ್ಧ ಶುರುವಾದ ಮೇಲಂತೂ ಕಾಲಕ್ಕೇ ಒಂದು ಹೆಸರು ಬಂತು: 'ಗೆಕೊಕುಜೊ', ಕೆಳಗಿನವನು ಮೇಲಿನವನನ್ನು ಉರುಳಿಸುವುದು. 1582ರಲ್ಲಿ ಅಕೆಚಿ ಮಿತ್ಸುಹಿದೆ ತನ್ನ ಒಡೆಯ ನೊಬುನಾಗಾನ ಮೇಲೆಯೇ ದಂಡೆತ್ತಿ ಅವನ ಸಾವಿಗೆ ಕಾರಣನಾದ. ತೋದೊ ತಾಕಾತೊರಾ ಎಂಬ ಯೋಧ ಒಡೆಯರ ಮೇಲೆ ಒಡೆಯರನ್ನು ಬದಲಿಸುತ್ತ ಹೋಗಿ, ಕೊನೆಗೆ ದೊಡ್ಡ ಸಂಸ್ಥಾನದ ದೊರೆಯಾದ. ಉಂಡ ಮನೆಗೆ ಎರಡು ಬಗೆಯುವುದು ಆಗಲೂ ಪಾಪವೇ. ಆದರೆ ಉಣ್ಣಲಿಕ್ಕೆ ಇಕ್ಕದ ಮನೆ ಬಿಟ್ಟು ಹೋಗುವುದು ಪಾಪವಾಗಿರಲಿಲ್ಲ.

ತೊಕುಗಾವಾ ಮನೆತನದ ಶೋಗುನ್‌ಗಳ ಕೈಕೆಳಗೆ ಶಾಂತಿ ನೆಲೆಗೊಂಡ ಮೇಲೆ ಕಾದಲು ಯುದ್ಧವಿಲ್ಲ, ಗೆದ್ದು ಪಡೆಯಲು ಭೂಮಿಯಿಲ್ಲ. ಸಮುರಾಯ್ ಈಗ ಹುಟ್ಟಿನಿಂದ ಬಂದ ದರ್ಜೆ, ಅಕ್ಕಿಯ ಸಂಬಳದ ನೌಕರ. ತಾನೇಕೆ ಇದ್ದೇನೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಉಳಿದವರಿಗೆ ನೀತಿಯ ಮಾದರಿಯಾಗಿರುವುದೇ ನಿನ್ನ ಕೆಲಸ ಎಂದು ಚಿಂತಕ ಯಾಮಾಗಾ ಸೊಕೊ ಉತ್ತರ ಕೊಟ್ಟ. ಸಾವನ್ನು ಎತ್ತಿಹಿಡಿಯುವ 'ಹಗಾಕುರೆ' ಎಂಬ ಪುಸ್ತಕ ಬಂದದ್ದು ಯಾಮಾಮೊತೊ ತ್ಸುನೆತೊಮೊ ಎಂಬ ನಿವೃತ್ತ ಸೇವಕನ ಬಾಯಿಂದ, 1716ರ ಹೊತ್ತಿಗೆ. ಅವನು ಒಂದು ಯುದ್ಧವನ್ನೂ ಕಂಡವನಲ್ಲ. ಒಡೆಯ ಸತ್ತಾಗ ಜೊತೆಗೆ ಸಾಯುವ ಪದ್ಧತಿಯನ್ನೂ ಸರ್ಕಾರ ನಿಷೇಧಿಸಿಯಾಗಿತ್ತು.

ಲೆಕ್ಕ ಕೇಳದ ನಿಷ್ಠೆಯನ್ನು ಮಧ್ಯಯುಗದ ತಲೆಗೆ ಕಟ್ಟುವುದು ಸುಯೆನಾಗಾನಂಥವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ನಿಷ್ಠೆಗೆ ಹೆಸರಾದ 'ಬುಶಿದೊ', ಅಂದರೆ ಯೋಧನ ದಾರಿ, ಎಂಬ ಮಾತನ್ನು ಲೋಕಕ್ಕೆಲ್ಲ ಮುಟ್ಟಿಸಿದ ಪುಸ್ತಕವನ್ನು ನಿತೊಬೆ ಇನಾಜೊ ಬರೆದದ್ದು ಅಮೆರಿಕದಲ್ಲಿದ್ದಾಗ, ಇಂಗ್ಲಿಷಿನಲ್ಲಿ. ಸಮುರಾಯ್‌ಗಳು ಬೀದಿಯಲ್ಲಿ ಕತ್ತಿ ಧರಿಸಬಾರದೆಂದು 1876ರಲ್ಲಿ ಕಾನೂನು ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು.