ನಿಲ್ಲಿಸಿಟ್ಟ ಮೋಟರ್‌ಹೋಮಿನ ಬ್ಯಾಟರಿ: ಮೂರು ಅಂಕಿಗಳ ಪರಿಶೀಲನೆ

1. ವ್ಯಾಪ್ತಿ

ಕೆನಡ, ಅಮೆರಿಕದ ಉತ್ತರ ರಾಜ್ಯಗಳು ಹಾಗೂ ಉತ್ತರ ಯೂರೋಪಿನಲ್ಲಿ ಮೋಟರ್‌ಹೋಮುಗಳು ಚಳಿಗಾಲದ ನಾಲ್ಕೈದು ತಿಂಗಳು ನಿಂತಲ್ಲೇ ನಿಂತಿರುವುದು ಸಾಮಾನ್ಯ. ಈ ಅವಧಿಯ ಬ್ಯಾಟರಿ ಆರೈಕೆಯ ಬಗ್ಗೆ ಮೂರು ಅಂಕಿಗಳು ಮತ್ತೆ ಮತ್ತೆ ಕೇಳಿಬರುತ್ತವೆ: 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಸಾಕು, 13.6 ವೋಲ್ಟಿನ ಫ್ಲೋಟ್ ಚಾರ್ಜರಿಗೆ ಹಾಕಿಟ್ಟರೆ ಅತ್ತ ನೋಡುವುದೇ ಬೇಡ. ಇವು ಒಂದೊಂದೂ ಒಂದು ನಿರ್ದಿಷ್ಟ ಆಸಿಡ್, ಮಿಶ್ರಲೋಹ ಅಥವಾ ಉಷ್ಣತೆಗೆ ಮಾತ್ರ ಹೊಂದುವಂಥವು. ಷರತ್ತುಗಳು ಬಿಟ್ಟುಹೋಗಿ ಅಂಕಿ ಮಾತ್ರ ಚಲಾವಣೆಯಲ್ಲಿ ಉಳಿದಂತೆ ತೋರುತ್ತದೆ. ಆ ಷರತ್ತುಗಳನ್ನು ಗುರುತಿಸುವುದಷ್ಟೇ ಇಲ್ಲಿನ ಉದ್ದೇಶ.

ಮೋಟರ್‌ಹೋಮಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ: ಎಂಜಿನ್ ಚಾಲೂ ಮಾಡುವುದು ಒಂದು, ದೀಪ, ಪಂಪು, ಫ್ರಿಜ್ಜಿನ ನಿಯಂತ್ರಣ ಇತ್ಯಾದಿ ಮನೆವಾರ್ತೆ ನೋಡಿಕೊಳ್ಳುವುದು ಇನ್ನೊಂದು. ವಿಭಾಗ 7ನ್ನು ಬಿಟ್ಟರೆ, ಇಲ್ಲಿ ಬ್ಯಾಟರಿ ಎಂದಾಗಲೆಲ್ಲ 12 ವೋಲ್ಟಿನ, ಆರು ಸೆಲ್ಲಿನ ಲೆಡ್-ಆಸಿಡ್ ಬ್ಯಾಟರಿ ಎಂದು ತಿಳಿಯಬೇಕು.

2. 12.6 ವೋಲ್ಟ್: ಯಾವ ಆಸಿಡ್ಡಿಗೆ?

ವಿರಾಮ ಸ್ಥಿತಿಯಲ್ಲಿ ಒಂದು ಸೆಲ್ಲಿನ ವೋಲ್ಟೇಜು ಸರಿಸುಮಾರು ಆಸಿಡ್ಡಿನ ಗ್ರಾವಿಟಿಗೆ (ನೀರಿಗೆ ಹೋಲಿಸಿದ ಸಾಂದ್ರತೆಗೆ) 0.84 ಕೂಡಿಸಿದಷ್ಟು. ಕೆಲವೆಡೆ 0.845 ಎಂದಿದೆ, ಆರು ಸೆಲ್ಲಿಗೆ ಈ ವ್ಯತ್ಯಾಸ 0.03 ವೋಲ್ಟ್, ಮುಂದಿನ ವಾದಕ್ಕೆ ಬಾಧಕವಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಕೋಷ್ಟಕಗಳು ಬಹುಮಟ್ಟಿಗೆ 1.265 ಗ್ರಾವಿಟಿಯನ್ನು ‘ಪೂರ್ಣ’ ಎಂದು ಹಿಡಿಯುತ್ತವೆ. ಲೆಕ್ಕಕ್ಕೆ 12.63 ವೋಲ್ಟ್ ಬರುತ್ತದೆ, 12.6ರ ಮೂಲ ಇದೇ ಇರಬೇಕು. ಅದೇ ಕೋಷ್ಟಕಗಳಲ್ಲಿ ಮುಕ್ಕಾಲು ಮಟ್ಟಕ್ಕೆ ಸುಮಾರು 12.45, ಅರ್ಧಕ್ಕೆ 12.24 ಇದೆ.

ಭಾರತದಲ್ಲಿ ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿಗೆ ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.240ರ ಆಸುಪಾಸಿನ ಆಸಿಡ್ ತುಂಬುತ್ತಾರೆ. ಸೆಕೆ ಹೆಚ್ಚಿರುವ ಕಡೆ ಆಸಿಡ್ ತುಸು ತೆಳುವಾಗಿದ್ದರೆ ಪ್ಲೇಟುಗಳ ಸವಕಳಿ ತಗ್ಗುತ್ತದೆ. ಇಂಥ ಬ್ಯಾಟರಿ ಪೂರ್ತಿ ತುಂಬಿದ್ದರೂ ಲೆಕ್ಕದ ಪ್ರಕಾರ 12.48 ವೋಲ್ಟನ್ನಷ್ಟೇ ತೋರಿಸುತ್ತದೆ. ಅಮೆರಿಕದ ಕೋಷ್ಟಕ ಹಿಡಿದು ಓದಿದರೆ ಅದು ಮುಕ್ಕಾಲು ತುಂಬಿದ ಬ್ಯಾಟರಿ! ಬೆಂಗಳೂರಿನಲ್ಲಿ ವ್ಯಾನೊಂದನ್ನು ಕ್ಯಾರವಾನ್ ಮಾಡಿಸಿ ಟ್ಯೂಬುಲರ್ ಬ್ಯಾಟರಿ ಕೂರಿಸಿಕೊಂಡವರು 12.6 ಬರಲಿ ಎಂದು ಚಾರ್ಜ್ ಮಾಡುತ್ತಲೇ ಹೋದರೆ ನೀರು ಆರುತ್ತದೆ, ಪ್ಲೇಟು ಸವೆಯುತ್ತದೆ, ಅಂಕಿಯಂತೂ ನಿಲ್ಲುವುದಿಲ್ಲ. ತಿರುವುಮುರುವಿನ ಪ್ರಸಂಗವೂ ಇದೆ. ಸೀಲ್ ಮಾಡಿದ ಎಜಿಎಂ ಬ್ಯಾಟರಿಗಳಲ್ಲಿ ಆಸಿಡ್ 1.300ರ ಹತ್ತಿರ ಇರುವುದುಂಟು. ಆಗ ಪೂರ್ಣ ಮಟ್ಟ ಸುಮಾರು 12.84. ಅಲ್ಲಿ 12.63 ಕಂಡು ತೃಪ್ತರಾದರೆ ಬ್ಯಾಟರಿ ಮುಕ್ಕಾಲಿನ ಆಸುಪಾಸಿನಲ್ಲೇ ತಿಂಗಳುಗಟ್ಟಲೆ ಕುಳಿತಿರುತ್ತದೆ.

ಹೀಗಾಗಿ ಹೊರಗಿನ ಕೋಷ್ಟಕಕ್ಕಿಂತ ಅದೇ ಬ್ಯಾಟರಿ ಪೂರ್ತಿ ತುಂಬಿದ್ದಾಗ ಬರೆದಿಟ್ಟುಕೊಂಡ ಅಂಕಿಯೇ ಹೆಚ್ಚು ವಿಶ್ವಾಸಾರ್ಹ. ಅಲ್ಲಿಂದ ಗ್ರಾವಿಟಿ 0.030–0.040ರಷ್ಟು ಇಳಿದಾಗ ಮರುಚಾರ್ಜ್ ಮಾಡುವುದು ಸುರಕ್ಷಿತ ಮಿತಿ ಎನ್ನಬಹುದು.

3. ಅಳತೆಯ ಶಿಸ್ತು

ಚಾರ್ಜರ್ ತೆಗೆದ ಕೂಡಲೇ ಕಾಣುವ ವೋಲ್ಟೇಜು ನಿಜಕ್ಕಿಂತ ಮೇಲಿರುತ್ತದೆ. ಹಲವು ಗಂಟೆಗಳ, ಸಾಧ್ಯವಾದರೆ ಒಂದಿಡೀ ರಾತ್ರಿಯ ವಿರಾಮ ಬೇಕು. ಹೈಡ್ರೋಮೀಟರ್ ಬಳಸುವಾಗ ಆಸಿಡ್ಡನ್ನು ಒಂದೆರಡು ಸಲ ಎಳೆದು ಬಿಟ್ಟು, ತೇಲುಗಡ್ಡಿ ಗಾಜಿನ ಬದಿಗೆ ಅಂಟದಂತೆ ನೆಟ್ಟಗೆ ಹಿಡಿದು, ದ್ರವದ ಮಟ್ಟಕ್ಕೆ ಕಣ್ಣು ತಂದು ಓದಬೇಕು. ಡಿಸ್ಟಿಲ್ಡ್ ವಾಟರ್ ಹಾಕಿದೊಡನೆ ಓದಿದರೆ ಪ್ರಯೋಜನವಿಲ್ಲ: ನೀರು ಮೇಲೇ ನಿಂತಿರುತ್ತದೆ, ಚಾರ್ಜಿನ ಗುಳ್ಳೆಗಳೆದ್ದು ಕಲಸಿದ ಮೇಲಷ್ಟೇ ಒಂದಾಗುತ್ತದೆ. ಆರೂ ಸೆಲ್ಲುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಐದು ಒಂದೇ ತೆರನಾಗಿದ್ದು ಒಂದು ಮಾತ್ರ ಕೆಳಗಿದ್ದರೆ ಅದು ಸಂಗ್ರಹಣೆಯ ಸಮಸ್ಯೆಯಾಗಿರದೆ ಆ ಸೆಲ್ಲಿನ ದೋಷವಾಗಿರುವ ಸಂಭವವೇ ಹೆಚ್ಚು.

ಉಷ್ಣತೆಯ ತಿದ್ದುಪಡಿ ಪ್ರತಿ ಡಿಗ್ರಿಗೆ ಸುಮಾರು 0.0007. ಆಸಿಡ್ 2 ಡಿಗ್ರಿಯಲ್ಲಿದ್ದಾಗ 1.265 ಎಂದು ಓದಿದ್ದು 27 ಡಿಗ್ರಿಗೆ ತಿದ್ದಿದರೆ 1.2475 ಮಾತ್ರ. ಚಳಿಯ ಶೆಡ್ಡಿನಲ್ಲಿ ತೆಗೆದ ಅಂಕಿ ಬ್ಯಾಟರಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ತಿದ್ದುಪಡಿ ಮಾಡದೆ ಬರೆದಿಟ್ಟ ದಾಖಲೆಗಳನ್ನು ಹೋಲಿಕೆಗೆ ಬಳಸದಿರುವುದು ಲೇಸು.

4. ‘ತಿಂಗಳಿಗೊಮ್ಮೆ’

ಪ್ಲೇಟುಗಳ ಸೀಸದ ಜಾಲರಿಗೆ ಆಂಟಿಮನಿ ಬೆರೆಸಿ ಗಟ್ಟಿ ಮಾಡುವ ಕ್ರಮ 1881ರ ಸೆಲನ್ ಪೇಟೆಂಟಿನಷ್ಟು ಹಳೆಯದು. ಆಂಟಿಮನಿ ಕ್ರಮೇಣ ಕರಗಿ ಋಣ ಪ್ಲೇಟಿಗೆ ಸೇರುವುದರಿಂದ ಬ್ಯಾಟರಿ ತಾನಾಗಿ ಇಳಿಯುವ ವೇಗ ಹೆಚ್ಚುತ್ತದೆ. ಹಳತಾದಷ್ಟೂ ಇನ್ನೂ ಹೆಚ್ಚು. 1935ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯದ ಹೇರಿಂಗ್ ಮತ್ತು ಥಾಮಸ್ ಅವರು ಸೀಸ-ಕ್ಯಾಲ್ಸಿಯಂ ಮಿಶ್ರಲೋಹದ ವರ್ತನೆಯನ್ನು ಪ್ರಕಟಿಸಿದರು. ಕ್ಯಾಲ್ಸಿಯಂ ಜಾಲರಿಯ ಬ್ಯಾಟರಿ 25 ಡಿಗ್ರಿಯಲ್ಲಿ ತಿಂಗಳಿಗೆ ಸುಮಾರು 2–3 ಪ್ರತಿಶತ ಇಳಿದರೆ, ಆಂಟಿಮನಿಯದು 5ರಿಂದ 15 ಪ್ರತಿಶತದವರೆಗೂ ಇಳಿಯಬಹುದು. ತಿಂಗಳ ಗಡುವು ಆಂಟಿಮನಿ ಕಾಲದ ಉಳಿಕೆ ಎಂದು ಊಹಿಸಲು ಅವಕಾಶವಿದೆ. ಇದು ಊಹೆಯೇ ಹೊರತು ನಿರ್ಣಯವಲ್ಲ.

ಉಷ್ಣತೆ 10 ಡಿಗ್ರಿ ಏರಿದರೆ ಈ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಆದ್ದರಿಂದ ಒಂದೇ ಬ್ಯಾಟರಿಗೆ ಕಲಬುರಗಿಯ ಮೇ ತಿಂಗಳೂ ವಿನಿಪೆಗ್‌ನ ಜನವರಿಯೂ ಸಮಾನ ಗಡುವು ಆಗಲಾರವು.

ಇಳಿದ ಸ್ಥಿತಿಯಲ್ಲಿ ಬಿಡಬಾರದೇಕೆ ಎಂಬುದಕ್ಕೆ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ 1882ರಲ್ಲಿ ಮುಂದಿಟ್ಟ ಸಿದ್ಧಾಂತ ಇಂದಿಗೂ ಆಧಾರ: ಬ್ಯಾಟರಿ ಇಳಿಯುವಾಗ ಎರಡೂ ಪ್ಲೇಟುಗಳಲ್ಲಿ ಸೀಸದ ಸಲ್ಫೇಟ್ ಉಂಟಾಗುತ್ತದೆ. ಹೊಸತರಲ್ಲಿ ಹರಳುಗಳು ನುಣುಪಾಗಿದ್ದು ಚಾರ್ಜಿಗೆ ಮರಳುತ್ತವೆ. ವಾರಗಳು ಕಳೆದಂತೆ ದಪ್ಪಗಾಗಿ ಜಗ್ಗುವುದಿಲ್ಲ.

5. ಕಾಣದ ಬಳಕೆ

ಮೇಲಿನ ಲೆಕ್ಕ ಬ್ಯಾಟರಿಯನ್ನು ತಂತಿಯಿಂದ ಬಿಡಿಸಿಟ್ಟಾಗ ಮಾತ್ರ ಮುಖ್ಯ. ಗ್ಯಾಸ್ ಸೋರಿಕೆ ಸೂಚಕ, ರೇಡಿಯೊದ ನೆನಪು, ಕಳ್ಳಗಂಟೆ ಎಲ್ಲ ಸೇರಿ 80 ಮಿಲಿಆಂಪಿಯರ್ ಎಳೆಯುತ್ತಿವೆ ಎಂದುಕೊಳ್ಳೋಣ. ದಿನಕ್ಕೆ 1.92, ಮೂವತ್ತು ದಿನಕ್ಕೆ 57.6 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಕ್ಯಾಲ್ಸಿಯಂ ಬ್ಯಾಟರಿ ಅದೇ ಅವಧಿಯಲ್ಲಿ ತಾನಾಗಿ ಕಳೆದುಕೊಳ್ಳುವುದು 3ರ ಆಸುಪಾಸು. ಮಿಶ್ರಲೋಹದ ಚರ್ಚೆಯೆಲ್ಲ ಇಲ್ಲಿ ಗೌಣ.

ಮುಖ್ಯ ಸ್ವಿಚ್ ಆರಿಸಿದರೆ ಎಲ್ಲವೂ ನಿಂತಿತು ಎನ್ನುವಂತಿಲ್ಲ; ಕೆಲವು ಉಪಕರಣಗಳ ತಂತಿ ಸ್ವಿಚ್ಚನ್ನು ಬಿಟ್ಟು ನೇರ ಬ್ಯಾಟರಿಗೇ ಹೋಗಿರುತ್ತದೆ. ಖಚಿತಪಡಿಸಿಕೊಳ್ಳಲು ಋಣ ಟರ್ಮಿನಲ್ಲಿನ ಸಾಲಿನಲ್ಲಿ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಜೋಡಿಸಿ, ಬಾಗಿಲು ಮುಚ್ಚಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಬಾಗಿಲು ತೆರೆದರೆ ವಾಹನದ ಕಂಪ್ಯೂಟರು ಎದ್ದು ಕೂರುತ್ತದೆ, ಅಳತೆ ಕೆಡುತ್ತದೆ. ಗಾಡಿಗೆ ಟಾರ್ಪಾಲು ಹೊದಿಸಿದ್ದರೆ ಚಾವಣಿಯ ಸೋಲಾರ್ ಫಲಕದಿಂದ ಬರುವುದು ಏನೂ ಇಲ್ಲ. ಅದರ ಕಂಟ್ರೋಲರ್ ಮಾತ್ರ ತನ್ನ ಪಾಲು ತೆಗೆದುಕೊಳ್ಳುತ್ತಿರುತ್ತದೆ.

6. ಹಿಮ ಮತ್ತು ಫ್ಲೋಟ್

1.265 ಗ್ರಾವಿಟಿಯ ಆಸಿಡ್ ಗಡ್ಡೆಕಟ್ಟುವುದು ಸುಮಾರು −57 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1.190ರದು −23ರಲ್ಲಿ, 1.120ರದು −8ರ ಸುಮಾರಿಗೆ. ಮೊದಲನೆಯದು ಫ್ಯಾರನ್‌ಹೀಟಿನಲ್ಲಿ −71; ಮಾನವನ್ನು ನಮೂದಿಸದ ಪಟ್ಟಿಯಿಂದ ಅಂಕಿ ಎತ್ತುವಾಗ ಎಚ್ಚರ ಬೇಕು. ಪೂರ್ತಿ ತುಂಬಿಸಿ, ತಂತಿ ಬಿಡಿಸಿಟ್ಟ ಸುಸ್ಥಿತಿಯ ಬ್ಯಾಟರಿಗೆ ಕೆನಡದ ಚಳಿ ಬಹುಶಃ ಅನುಕೂಲವೇ. ಇಳಿದ ಬ್ಯಾಟರಿಗೆ ಅದೇ ಚಳಿಯಲ್ಲಿ ಡಬ್ಬಿ ಒಡೆಯುತ್ತದೆ.

ಫ್ಲೋಟಿಗೆ 25 ಡಿಗ್ರಿಯಲ್ಲಿ ಸೆಲ್ಲಿಗೆ 2.25–2.30 ವೋಲ್ಟ್, ಅಂದರೆ ಒಟ್ಟು 13.5–13.8. ಪ್ರತಿ ಡಿಗ್ರಿ ಏರಿಕೆಗೆ ಒಟ್ಟಿನ ಮೇಲೆ ಸುಮಾರು 0.02 ವೋಲ್ಟ್ ಇಳಿಸಬೇಕು. 40 ಡಿಗ್ರಿಯಲ್ಲಿ 13.2–13.5 ಸರಿಹೊಂದಿದರೆ 0 ಡಿಗ್ರಿಯಲ್ಲಿ 14.0–14.3 ಬೇಕಾಗುತ್ತದೆ. ಸ್ಥಿರ 13.6 ಇವೆರಡರಲ್ಲಿ ಯಾವುದಕ್ಕೂ ಕೂಡುವುದಿಲ್ಲ. ಉಷ್ಣತಾ ಸಂವೇದಕವಿರುವ ಚಾರ್ಜರಿಗೆ ಆದ್ಯತೆ ನೀಡಲು ಇದು ಸಾಕಷ್ಟು ಕಾರಣ.

7. ಲಿಥಿಯಂ ಐರನ್ ಫಾಸ್ಫೇಟ್

ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಅವರ 1997ರ ಪ್ರಬಂಧದಿಂದ ಹೊರಟ ಈ ಬಗೆಯ ಬ್ಯಾಟರಿ ಈಗ ಮೋಟರ್‌ಹೋಮುಗಳಿಗೂ ಬಂದಿದೆ. ಇದರ ನಿಯಮ ಮೇಲಿನದಕ್ಕೆ ಬಹುತೇಕ ವಿರುದ್ಧ. ದೀರ್ಘ ವಿರಾಮಕ್ಕೆ ಅರ್ಧದ ಆಸುಪಾಸಿನ ಚಾರ್ಜ್ ಒಳ್ಳೆಯದು, ಫ್ಲೋಟಿನ ಅಗತ್ಯವಿಲ್ಲ, 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಋಣಧ್ರುವದ ಮೇಲೆ ಲಿಥಿಯಂ ಲೋಹ ಪೊರೆಗಟ್ಟಿ ಶಾಶ್ವತ ಹಾನಿಯಾಗಬಹುದು. ಎಂಜಿನ್ನಿಗೆ ಲೆಡ್-ಆಸಿಡ್, ಮನೆವಾರ್ತೆಗೆ ಲಿಥಿಯಂ ಇರುವ ವಾಹನದಲ್ಲಿ ಎರಡನ್ನೂ ಕೂಡಿಸುವ ರಿಲೇ ಇದೆಯೇ ಎಂದು ಮೊದಲು ನೋಡಬೇಕು. ಕೆಲವು ರಿಲೇಗಳು ಒಂದು ಬದಿಯ ವೋಲ್ಟೇಜು ಏರಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತವೆ; ಎಂಜಿನ್ ಬ್ಯಾಟರಿಗೆಂದು ಹಾಕಿದ ಫ್ಲೋಟ್ ಚಾರ್ಜರ್ ಆಗ ಹಿಮಗಟ್ಟಿದ ಲಿಥಿಯಂ ಬ್ಯಾಟರಿಗೂ ಹರಿಯಬಹುದು.