ಫ್ಲಾಕ್ಸ್ ಹೂವಿನ ತವರು

ಮಾರ್ಚ್-ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಿಂದ ಆಸ್ಟಿನ್ ಕಡೆಗೆ ಹೋದವರು ರಸ್ತೆಬದಿಯ ಕೆಂಪು, ಗುಲಾಬಿ ಹೂಗಳನ್ನ ನೋಡೇ ಇರ್ತೀರಿ. ಬೆಂಗಳೂರಲ್ಲಿ ಚಳಿಗಾಲಕ್ಕೆ ಪಾತಿ ತುಂಬ ಅರಳುತ್ತಲ್ಲ, ಅದೇ ಫ್ಲಾಕ್ಸ್. ಯಾರೋ ಹೊರಗಿಂದ ತಂದು ಬಿತ್ತಿರಬೇಕು ಅಂದ್ಕೊಂಡಿದ್ದೆ. ಉಲ್ಟಾ! ಅದರ ತವರೇ ಟೆಕ್ಸಾಸ್.

ಗಿಡವನ್ನು ಕಾಗದಗಳ ನಡುವೆ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿಡುವ ಪದ್ಧತಿ 16ನೇ ಶತಮಾನದಲ್ಲಿ ಇಟಲಿಯ ಲೂಕಾ ಗಿನಿ ಮತ್ತವನ ಶಿಷ್ಯರಿಂದ ಹಬ್ಬಿದ್ದು. ಅಂಥ ಸಂಗ್ರಹಕ್ಕೆ ಲ್ಯಾಟಿನ್‌ನಲ್ಲಿ 'ಒಣ ತೋಟ' ಅಂತಲೇ ಹೆಸರು.

ಅದೇ ವಿದ್ಯೆ ಕಲಿತು 1833ರಲ್ಲಿ ಟೆಕ್ಸಾಸಿಗೆ ಬಂದವನು ಸ್ಕಾಟ್ಲೆಂಡಿನ ಥಾಮಸ್ ಡ್ರಮಂಡ್. ಬಂದಿಳಿದ ವೆಲಾಸ್ಕೊದಲ್ಲೇ ಕಾಲರಾ. ಹೇಗೋ ಬದುಕಿ ಎದ್ದ. ಮುಂದೆ ಕಾಡು, ಹೊಳೆದಂಡೆ ಅಲೆದು ಸುಮಾರು 750 ಜಾತಿಯ ಗಿಡಗಳನ್ನು ಸಂಗ್ರಹಿಸಿ ಗ್ಲಾಸ್ಗೋದ ವಿಲಿಯಂ ಹೂಕರ್‌ಗೆ ಕಳಿಸಿದ. ಜೊತೆಗೆ ಬೀಜಗಳನ್ನೂ.

1835ರಲ್ಲಿ ಆ ಬೀಜ ಬ್ರಿಟನ್ನಿನಲ್ಲಿ ಹೂಬಿಟ್ಟಿತು. ಅದೇ ವರ್ಷ ಡ್ರಮಂಡ್ ಕ್ಯೂಬಾದಲ್ಲಿ ತೀರಿಕೊಂಡ. ಹೂಕರ್ ಆ ಹೂವಿಗೆ ಅವನ ಹೆಸರನ್ನೇ ಇಟ್ಟ: ಫ್ಲಾಕ್ಸ್ ಡ್ರಮಂಡೈ.

ಒಣಗಿದ ಗಿಡ ಹಾಳೆಯ ಮೇಲೆ ಉಳಿಯಿತು. ಬೀಜ ಊರೂರು ಸುತ್ತಿ ನಮ್ಮಂಗಳಕ್ಕೂ ಬಂತು. ಊರಿಗೆ ಹೋದಾಗ ಫ್ಲಾಕ್ಸ್ ಪಾತಿ ಕಂಡರೆ, ಮನೆಗೆ ಮರಳದ ಈ ಮನುಷ್ಯನನ್ನ ಒಮ್ಮೆ ನೆನೀರಿ.